ಸಫಾರಿಗೆ ಧಾರೆ ಸೀರೆ

ನಾಗರಹೊಳೆಗೆ ಹೋಗುವ ನಮ್ಮ ಯೋಚನೆ ಹುಟ್ಟಿದ್ದು ಹುಲಿ ನೋಡುವ ಆಸೆಯಿಂದಲ್ಲ. ಒಂದು ಕೆನ್ನೆಪೆಟ್ಟಿನಿಂದ.

ಬಿಜೂರಿನ ತೌರುಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಅಪ್ಪಯ್ಯ, ನಾನು, ನಮ್ಮನೆಯವರು, ಬಾರ್ಕೂರಿನಿಂದ ಬಂದಿದ್ದ ಭಾವ, ಅಂದರೆ ಅಕ್ಕನ ಗಂಡ. ಅಮ್ಮನನ್ನು ನಾವು ಅಬ್ಬಿ ಎನ್ನುತ್ತೇವೆ. ಅಬ್ಬಿ ಬಡಿಸುತ್ತಿದ್ದಳು, ಅಕ್ಕ ಲೋಟಗಳಿಗೆ ನೀರು ಹಾಕುತ್ತಿದ್ದಳು. ಬಂಗುಡೆ ಸಾರು ಮಾಡಿದ್ದು ಅಕ್ಕ. ಭಾವ ಒಂದು ತುತ್ತು ಬಾಯಿಗಿಟ್ಟ, ಉಪ್ಪು ಹೆಚ್ಚಾಗಿದೆಯೆಂದು ಅದೇ ಎಂಜಲು ಕೈಯಲ್ಲಿ ಪಕ್ಕದಲ್ಲಿ ಬಗ್ಗಿದ್ದ ಅಕ್ಕನ ಕೆನ್ನೆಗೆ ಬಾರಿಸಿದ. ಭಾವನನ್ನು ಎದುರಿಗೆ ನಾನು ಬಹುವಚನದಲ್ಲಿಯೇ ಮಾತಾಡಿಸುತ್ತಿದ್ದೆ. ಬರೆಯುವಾಗ ಆ ಮರ್ಯಾದೆ ಕೊಡಲು ನನ್ನ ಕೈ ಏಳುವುದಿಲ್ಲ.

ಅಕ್ಕನ ಕೆನ್ನೆಯ ಮೇಲೆ ಕೆಂಪು ಮಸಾಲೆ, ಎರಡು ಅಗುಳು ಅನ್ನ. ಅಪ್ಪಯ್ಯ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದರು. ನಾನು ಏಳಬಾರದೆಂದು ನಮ್ಮನೆಯವರು ಎಡಗೈಯಿಂದ ನನ್ನ ಮೊಣಕಾಲನ್ನು ಅದುಮಿ ಹಿಡಿದರು. ಅಬ್ಬಿ ಅನ್ನದ ಪಾತ್ರೆ ಹಿಡಿದುಕೊಂಡು ಭಾವನ ಎಲೆಯ ಮುಂದೆ ಬಗ್ಗಿದಳು. "ಇನ್ನ್ ಸ್ವಲ್ಪ ಅನ್ನ ಹಾಕ್ಲಾ?" ಎಂದು ಕೇಳಿದಳು.

ಭಾವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆ ಮಾತಿನ ಮೇಲೆ ಬಂತು. ಅವನು ಹಾಕಿ ಅಂದ. ಅಬ್ಬಿ ಹಾಕಿದಳು. ಅಕ್ಕ ಸೆರಗಿನಿಂದ ಕೆನ್ನೆ ಒರೆಸಿಕೊಂಡು ಮತ್ತೊಬ್ಬರ ಲೋಟಕ್ಕೆ ನೀರು ಹಾಕಿದಳು.

ನನ್ನ ಸಿಟ್ಟು ಊರಿಗೆಲ್ಲ ಗೊತ್ತಿರುವ ಸಂಗತಿ. ಬೈಂದೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸ್ ಇವತ್ತೇ ಆಗಬೇಕು ಎಂದು ತಲೆ ತಿನ್ನುವವರ ಬಟ್ಟೆಯನ್ನು ರಸ್ತೆಗೆ ಎಸೆದದ್ದೂ ಉಂಟು. ಆದರೂ ಜನ ಬರುತ್ತಾರೆ, ನಾನು ಹೊಲಿದದ್ದು ಹರಿಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಪರದೆಯ ಹಿಂದೆ ಕಂಡದ್ದನ್ನು ನಾನು ಹೊರಗೆ ಆಡುವುದಿಲ್ಲ. ಅಳತೆ ತೆಗೆಯುವವಳಿಗೆ ಊರಿನ ಹೆಂಗಸರ ಬೆನ್ನು ಕಾಣುತ್ತದೆ. ಮುಖಕ್ಕೆ ಪೌಡರ್ ಹಾಕಿ ಮುಚ್ಚಬಹುದು, ಬೆನ್ನಿಗೆ ಯಾರು ಹಾಕುತ್ತಾರೆ? ಇಷ್ಟು ವರ್ಷಗಳಲ್ಲಿ ಎಷ್ಟೋ ಬೆನ್ನು ನೋಡಿ ಸುಮ್ಮನೆ ಟೇಪು ಮಡಚಿ ಇಟ್ಟಿದ್ದೇನೆ. ಅಕ್ಕನ ಬೆನ್ನು ಮಾತ್ರ ನಾನು ನೋಡಿರಲಿಲ್ಲ. ಅವಳು ಯಾವಾಗಲೂ ಅಳತೆಗೆ ಒಂದು ಹಳೇ ಬ್ಲೌಸ್ ಕಳಿಸುತ್ತಿದ್ದಳು.

ಅವಳು ಆ ಮನೆ ಬಿಟ್ಟು ಬರಲು ಒಮ್ಮೆ ನೋಡಿದ್ದಳು. ಭಾವ ಬೆಂಡೋಲೆ ಹಿಡಿದು ಎಳೆದಾಗ ಹರಿದ ಕಿವಿಯನ್ನು ಅದುಮಿಕೊಂಡು ಬಸ್ಸು ಹತ್ತಿ ಬಿಜೂರಿಗೆ ಬಂದಿದ್ದಳು. ಅಪ್ಪಯ್ಯ ಜಗಲಿಯ ಮೆಟ್ಟಿಲ ಮೇಲೆ ನಿಂತು ಅವಳ ಕಿವಿ ನೋಡಲಿಲ್ಲ, ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಯಾರ್ ಕರ್ಕಂಡ್ ಬಂದದ್ದ್?" ಎಂದು ಕೇಳಿದರು.

"ಯಾರೂ ಇಲ್ಲೆ ಅಪ್ಪಯ್ಯ. ನಾನೇ ಬಂದೆ."

ನಮ್ಮ ಮನೆಯ ಕ್ರಮ ಅದು. ಮದುವೆಯಾದ ಮಗಳು ತಾನಾಗಿ ತೌರಿಗೆ ಬರುವಂತಿಲ್ಲ. ತೌರಿನ ಹಿರಿಯರೊಬ್ಬರು ಹರಿವಾಣದಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಒಂದು ತೆಂಗಿನಕಾಯಿ ಇಟ್ಟುಕೊಂಡು ಅಳಿಯನ ಮನೆಗೆ ಹೋಗಿ ಕರೆಯಬೇಕು. ಕಾಯಿ ಅಲ್ಲಿ ಬಿಟ್ಟು ಮಗಳನ್ನು ಇಲ್ಲಿಗೆ ತರಬೇಕು. ಹಾಗೆ ಬಂದವಳು ಎಷ್ಟು ದಿನ ಇದ್ದರೂ ಮನೆಮಗಳು. ಕರೆಯದೆ ಬಂದವಳು ಓಡಿಬಂದವಳು. ಅಪ್ಪಯ್ಯ ಅಂದು ಸಂಜೆಯ ಬಸ್ಸಿಗೇ ಅವಳನ್ನು ವಾಪಸು ಹತ್ತಿಸಿದರು. ಕಿವಿಗೆ ಅರಸಿನ ಹಚ್ಚಿ ಕಳಿಸಿದ್ದು ಅಬ್ಬಿ.

ಹಾಗಾಗಿ ಆ ಬಂಗುಡೆ ಊಟದ ದಿನ ಬೈಂದೂರಿಗೆ ಮರಳುವಾಗ ನಾನು ನಮ್ಮನೆಯವರಿಗೆ ಹೇಳಿದೆ. ಅಕ್ಕನನ್ನು ಕರೆಯಲು ಒಂದು ನೆಪ ಬೇಕು, ಭಾವ ಬೇಡ ಅನ್ನಲಾಗದ ನೆಪ. ಒಮ್ಮೆ ಅವಳು ವ್ಯಾನು ಹತ್ತಿದರೆ ಮತ್ತೆ ಆ ಮನೆಗೆ ಹೋಗಕೂಡದು. ನಮ್ಮನೆಯವರು ಬಾಡಿಗೆ ವ್ಯಾನು ಓಡಿಸುತ್ತಾರೆ. ನನಗೆ ಇರುವ ಸಿಟ್ಟಿಗೆ ದೇವರು ಅಷ್ಟೇ ತಣ್ಣಗಿನ ಮನುಷ್ಯನನ್ನು ಕೊಟ್ಟಿದ್ದಾನೆ. ಅವರು ಸ್ಟೇರಿಂಗ್ ತಿರುಗಿಸುತ್ತಾ, "ನಿನ್ ಭಾವನ ಮೊಬೈಲಂಗೆ ಬರೀ ಹುಲಿ ವಿಡಿಯೋ. ನಾಗರಹೊಳೆ ಅಂದ್ರೆ ಬಾಯ್ ಬಿಡ್ತ್ರ್" ಅಂದರು.

ಅಲ್ಲಿಂದ ಶುರುವಾಯಿತು. ಏಪ್ರಿಲ್ ರಜೆಯಲ್ಲಿ ಜನ ಜಾಸ್ತಿ, ಸಫಾರಿಗೆ ಮೊದಲೇ ಬುಕ್ ಮಾಡಬೇಕು. ಅಂಗಡಿಯಲ್ಲಿ ಮಿಷನ್ನಿನ ಬದಿಗೆ ಮೊಬೈಲ್ ಇಟ್ಟುಕೊಂಡು ಹುಡುಕಿದೆ. ಬೆಳಗಿನ ಸಫಾರಿಯೋ ಸಂಜೆಯದೋ, ಬಸ್ಸೋ ಜೀಪೋ, ಮಡಿಕೇರಿ ಮೇಲೆ ಹೋದರೆ ಅಬ್ಬಿಗೆ ವಾಂತಿಯಾದೀತೇ, ಉಳಿದುಕೊಳ್ಳುವಲ್ಲಿ ಕುಚ್ಚಲಕ್ಕಿ ಗಂಜಿ ಸಿಗುತ್ತದೆಯೇ. ನೆಪಕ್ಕೆ ಹೊರಟ ಪ್ರವಾಸ ಹೌದು. ಆದರೂ ಆನೆ ಮರಿಯ ಫೋಟೋ ನೋಡಿ ನನಗೂ ಸ್ವಲ್ಪ ಆಸೆ ಹತ್ತಿದ್ದು ಸುಳ್ಳಲ್ಲ.

ಅಪ್ಪಯ್ಯನಿಗೆ ಹೇಳಲು ಬಿಜೂರಿಗೆ ಹೋದೆವು. ನೆಲಗಡಲೆ ಕೀಳುವ ಸಮಯ. ರಾತ್ರಿ ಹಂದಿಗಳು ನುಗ್ಗಿ ಅರ್ಧ ಗದ್ದೆ ಉತ್ತು ಹೋಗಿದ್ದವು. ಅವರು ಅದೇ ಉರಿಯಲ್ಲಿದ್ದರು.

"ಹಂದಿ ಕಾಂಬುಕೆ ಅಷ್ಟ್ ದೂರ ಹೋಯ್ಕಾ? ಇಲ್ಲೇ ಗದ್ದಿ ಬದಿಯಂಗೆ ಕೂಕಂಡ್ರೆ ಹಂದಿಯೇ ನಿಮ್ಮನ್ ಕಾಂಬುಕೆ ಬತ್ತ್."

"ಹುಲಿ ಇತ್ತ್ ಮಾವಯ್ಯ ಅಲ್ಲಿ" ಎಂದರು ನಮ್ಮನೆಯವರು.

"ಹುಲಿಗೆ ನಿಮ್ಮನ್ ಕಾಂಬ್ ಮನಸ್ ಇತ್ತಾ ಕೇಣಿ ಮೊದ್ಲ್."

ನಗೆಯಾಡುವಷ್ಟರಲ್ಲಿ ಮುಗಿಸಿ ಎದ್ದಿದ್ದರೆ ಆಗುತ್ತಿತ್ತು. ಆದರೆ ಕರೆಯಲು ಹಿರಿಯರು ಬೇಕಲ್ಲ, ನಾನು ನಿಜ ಹೇಳಿಯೇಬಿಟ್ಟೆ. "ಹುಲಿ ಎಲ್ಲ ನೆಪ ಅಪ್ಪಯ್ಯ. ಅಕ್ಕ ಒಂದ್ಸಲ ಅಲ್ಲಿಂದ ಹೊರ್ಟ್ರೆ ಮತ್ತೆ ಬಾರ್ಕೂರಿಗೆ ಹೋತಿಲ್ಲೆ. ಕರೂಕೆ ನೀವೇ ಬರ್ಕ್."

ಅಪ್ಪಯ್ಯನ ಕೈಯಲ್ಲಿ ನೀರಿನ ಚೊಂಬಿತ್ತು. ಅದು ನೇರ ಬಂದು ನನ್ನ ಭುಜಕ್ಕೆ ಬಡಿಯಿತು. "ಮದಿ ಆದ್ ಹೆಣ್ಣನ್ ಬಿಡ್ಸ್ಕಂಡ್ ಬಪ್ಪ್ ಮನಿ ಅಲ್ಲ ಇದ್! ಪೆಟ್ಟ್ ಬೀಳ್ದ್ ಸಂಸಾರ ಯಾವ್ದಿತ್ತ್? ನಿನ್ ಅಬ್ಬಿಗೆ ನಾನ್ ಹೊಡಿಲಿಲ್ಯಾ? ಅವ್ಳ್ ಓಡಿ ಹೋದ್ಲಾ?"

ನಾನು ಚೊಂಬನ್ನು ಹೆಕ್ಕಿ ತಿರುಗಿ ಎಸೆದೆ. ಅದು ಅವರ ತಲೆಯ ಬದಿಯಲ್ಲಿ ಹೋಗಿ ಗೋಡೆಗೆ ಬಡಿದು ನಗ್ಗಿತು. ತಂದೆಗೆ ಎಸೆದವಳು ಎಂದು ಯಾರಾದರೂ ಅಂದರೆ ಅನ್ನಲಿ. ಅಪ್ಪಯ್ಯ ಗದ್ದೆಗೆ ಹೋಗುವಾಗ ಹಿಡಿಯುವ ಬಡಿಗೆ ಎತ್ತಿಕೊಂಡು ಬಂದರು, ನಮ್ಮನೆಯವರು ನಡುವೆ ನಿಂತು ಎರಡು ಏಟು ತಿಂದರು. ಅಬ್ಬಿ ಮೂಲೆಯಲ್ಲಿ ಕುಳಿತು ಗಿಡದಿಂದ ನೆಲಗಡಲೆ ಬಿಡಿಸುತ್ತಲೇ ಇದ್ದಳು. ಕಾಯಿ ಬುಟ್ಟಿಗೆ ಬೀಳುವ ಸದ್ದು ಒಮ್ಮೆಯೂ ನಿಲ್ಲಲಿಲ್ಲ. ಹೊರಡುವಾಗ ಅವಳ ಹತ್ತಿರ ಹೋಗಿ, "ನೀನಾರೂ ಬತ್ಯಾ ಅಬ್ಬಿ?" ಎಂದು ಕೇಳಿದೆ. ಹೆಂಗಸರು ಕರೆಯಲು ಹೋದ ಪದ್ಧತಿ ನಮ್ಮಲ್ಲಿ ಇಲ್ಲ, ಆದರೂ ಕೇಳಿದೆ.

"ಕಾಂಬ" ಅಂದಳು. ನೋಡೋಣ ಎಂಬ ಆ ಮಾತಿಗೆ ಅವಳ ಬಾಯಲ್ಲಿ ಇಲ್ಲ ಎಂದೇ ಅರ್ಥ.

ಅಕ್ಕನಿಗೆ ಫೋನು ಮಾಡಿ ಸಫಾರಿಯ ನಿಯಮಗಳನ್ನು ಓದಿ ಹೇಳಿದೆ. ಭಾವ ಪಕ್ಕದಲ್ಲೇ ಇರುತ್ತಾನೆಂದು ಗೊತ್ತಿದ್ದರಿಂದ ಬರೀ ಪ್ರವಾಸದ ಮಾತು.

"ಬಣ್ಣ ಬಣ್ಣದ್ ಬಟ್ಟಿ ಹಾಕೂಕಾಗ. ಜೋರಾಗ್ ಮಾತಾಡೂಕಾಗ. ಎದ್ರಿಗ್ ಬಂದ್ರೆ ಓಡೂಕಾಗ. ಕಣ್ಣಿಗ್ ಕಣ್ಣ್ ಕೊಟ್ಟ್ ಕಾಂಬುಕಾಗ."

ಅಕ್ಕ ನಕ್ಕಳು. ಬಹಳ ದಿನಗಳ ಮೇಲೆ ಅವಳ ನಗು ಕೇಳಿದ್ದು. "ಇದನ್ ಕಲೂಕೆ ನಾಗರಹೊಳೆಗೆ ಹೋಯ್ಕಾ ಹೆಣೆ? ನಾನ್ ಮದಿ ಆದ್ ವರ್ಷವೇ ಕಲ್ತಾಯ್ತ್."

ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಭಾವ ಫೋನು ಕಸಿದುಕೊಂಡ. ತಾನೂ ಬರುತ್ತೇನೆ, ಹುಲಿಯ ಹೆಜ್ಜೆ ಗುರುತು ತನಗೆ ಗೊತ್ತು, ಮುಂದಿನ ಸೀಟು ತನಗೇ ಬೇಕು. "ಹಿಂದ್ ಕೂಕಂಡ್ ಹೆಂಗ್ಸ್ರ್ ತಲಿ ಕಾಂಬುಕೆ ನಾ ಬತ್ತಿಲ್ಲೆ" ಅಂದ. ಕಾಡಿಗೆ ತಕ್ಕ ಬಣ್ಣದ ಶರ್ಟು ನಾನೇ ಹೊಲಿದು ಕೊಡಬೇಕಂತೆ. ಫೋನಿಟ್ಟು ಕತ್ತರಿಯನ್ನು ಮೇಜಿಗೆ ಚುಚ್ಚಿದೆ. ಅಕ್ಕನನ್ನು ಬಿಡಿಸಲು ಮಾಡಿದ ಯೋಜನೆಯಲ್ಲಿ ಅವನೇ ಮುಂದಿನ ಸೀಟು ಹಿಡಿದಿದ್ದ.

"ಬರ್ಲಿ ಬಿಡ್" ಎಂದರು ನಮ್ಮನೆಯವರು. "ದಾರಿಯಂಗೆ ಚಾ ಕುಡೂಕೆ ಇಳಿತ್ರ್ ಅಲ್ದಾ? ಇಳ್ದಾಗ ನಾನ್ ವ್ಯಾನ್ ತಿರ್ಗ್ಸ್ತೆ."

ಒಂದೇ ಥಾನಿನ ಎಲೆಹಸಿರು ಬಟ್ಟೆ ತಂದೆ, ಮದುವೆಮನೆಗೆ ಎಲ್ಲರಿಗೂ ಒಂದೇ ಬಣ್ಣ ಹೊಲಿಸುವ ಹಾಗೆ. ಗಂಡಸರಿಗೆ ಶರ್ಟು, ನನಗೆ ಚೂಡಿದಾರ, ಅಬ್ಬಿಗೂ ಅಕ್ಕನಿಗೂ ಬ್ಲೌಸ್, ಅದಕ್ಕೆ ಒಪ್ಪುವ ಹಸಿರು ನೂಲಿನ ಸೀರೆ. ಅಳತೆ ಬ್ಲೌಸ್ ಕಳಿಸಿದರೆ ಆಗುವುದಿಲ್ಲ, ನೀವು ಸಣ್ಣಗಾಗಿದ್ದೀರಿ, ಬನ್ನಿ ಎಂದು ಹಟ ಹಿಡಿದೆ. ಅಕ್ಕ, ಭಾವ ಇಬ್ಬರೂ ಬೈಂದೂರಿಗೆ ಬಂದರು.

ಮೊದಲು ಭಾವನ ಅಳತೆ. ಕತ್ತಿನ ಸುತ್ತ ಟೇಪು ಹಾಕಿ ಎರಡೂ ತುದಿ ಹಿಡಿದೆ. ಅವನ ಗಂಟಲ ಮಣಿ ನನ್ನ ಹೆಬ್ಬೆರಳಿನಡಿ ಮೇಲೆ ಕೆಳಗೆ ಆಗುತ್ತಿತ್ತು. ನಾನು ಸ್ವಲ್ಪ ಎಳೆದೆ. ಮತ್ತೆ ಸ್ವಲ್ಪ ಎಳೆದೆ.

"ಬಿಗಿ ಆಯ್ತ್ ಮರಾಯ್ತಿ!"

"ಕಾಲರ್ ಕೂರೂಕೆ ಅಷ್ಟ್ ಬೇಕ್ ಭಾವ" ಎಂದೆ. ಟೇಪು ಬಿಟ್ಟಾಗ ಅವನ ಕತ್ತಿನ ಸುತ್ತ ಕೆಂಪು ಗೆರೆ ಮೂಡಿತ್ತು. ಅದನ್ನು ನೋಡಿ ನನಗೆ ಖುಷಿಯಾಯಿತು. ಇನ್ನೊಂದಿಷ್ಟು ಎಳೆಯಬೇಕಿತ್ತು ಅಂತಲೂ ಅನಿಸಿತು.

ಆಮೇಲೆ ಪರದೆಯ ಹಿಂದೆ ಅಕ್ಕ. ಅವಳು ಬ್ಲೌಸ್ ಬಿಚ್ಚಿ ಬೆನ್ನು ತಿರುಗಿಸಿ ನಿಂತಳು. ನಾನು ಎಷ್ಟೋ ಬೆನ್ನು ನೋಡಿದ್ದೇನೆ ಎಂದೆನಲ್ಲ, ಅಂಥದ್ದು ನೋಡಿರಲಿಲ್ಲ. ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಇನ್ನೂ ಹೊಸದು. ಬೆಲ್ಟಿನ ಬಕ್ಕಲ್ಲಿನ ಗುರುತು ಒಂದು ಕಡೆ ಚೌಕವಾಗಿ ಬಿದ್ದು ಕೀವು ಕಟ್ಟಿತ್ತು. ಟೇಪನ್ನು ಎಲ್ಲಿ ಇಡಬೇಕೆಂದೇ ತಿಳಿಯದೆ ನಿಂತೆ. ಹೊರಗೆ ಭಾವ ಹುಲಿ ವಿಡಿಯೋ ಹಾಕಿ ನೋಡುತ್ತಿದ್ದ, ಗರ್ಜನೆ ಒಳಗೂ ಕೇಳುತ್ತಿತ್ತು.

ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದೆ. ವ್ಯಾನು, ಚಾ, ತಿರುಗಿಸುವುದು.

"ಅಪ್ಪಯ್ಯ ಬಾಗ್ಲ್ ತೆಗಿತ್ರಾ?" ಎಂದಳು. ಅವಳಿಗೆ ಭಾವನ ಹೆದರಿಕೆಗಿಂತ ಆ ಹೆದರಿಕೆ ದೊಡ್ಡದಿತ್ತು. ಹೊರಟ ಮೇಲೆ ಮತ್ತೊಮ್ಮೆ ಸಂಜೆ ಬಸ್ಸು ಹತ್ತಿಸಿದರೆ ಅಲ್ಲಿ ತನ್ನ ಹೆಣವೇ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

"ಅಪ್ಪಯ್ಯ ಕರೂಕೆ ಬತ್ತಿಲ್ಲೆ ಅಂದ್ರ್."

"ಅಬ್ಬಿ?"

"ಕಾಂಬ ಅಂದ್ಲ್."

"ಅಬ್ಬಿ ಬಂದ್ರೆ ಸಾಕ್. ಹ್ಯಾಂಗಾರೂ ಕರ್ಕಂಡ್ ಬಾ" ಎಂದಳು ಅಕ್ಕ. ಆಮೇಲೆ ಗಂಡನಿಗೆ ಕೇಳುವ ಹಾಗೆ ಗಟ್ಟಿಯಾಗಿ, "ಬೆನ್ನ್ ಸ್ವಲ್ಪ ಸಡ್ಲ ಇಡ್ ಹೆಣೆ" ಎಂದಳು.

ಹೊರಡುವ ದಿನ ಬೆಳಿಗ್ಗೆ ಬಿಜೂರಿನ ಮನೆಯ ಮುಂದೆ ವ್ಯಾನು ನಿಲ್ಲಿಸಿದೆವು. ಅಪ್ಪಯ್ಯ ಗದ್ದೆಯಲ್ಲಿದ್ದರು. ಅಬ್ಬಿ ಹಸಿರು ಸೀರೆ ಉಟ್ಟು ಗೇಟಿನ ಹತ್ತಿರವೇ ನಿಂತಿದ್ದಳು, ಕೈಯಲ್ಲಿ ಬೈರಾಸು ವಸ್ತ್ರದಿಂದ ಮುಚ್ಚಿದ ಹರಿವಾಣ. ನಾನು ಬಾಯಿ ತೆರೆದೆ. "ಎಂತದೂ ಮಾತಾಡ್ಬ್ಯಾಡ" ಎಂದು ಹತ್ತಿ ಕುಳಿತಳು. ಕುಂದಾಪುರದ ಫ್ಲೈಓವರ್ ದಾಟಿ, ಬ್ರಹ್ಮಾವರದಲ್ಲಿ ಹೈವೇ ಬಿಟ್ಟು ಬಾರ್ಕೂರಿನ ರಸ್ತೆಗೆ ತಿರುಗುವವರೆಗೂ ಅವಳು ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ.

ಭಾವ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ನಾನು ಹೊಲಿದ ಹಸಿರು ಶರ್ಟು, ತಲೆಗೆ ಟೋಪಿ, ಕತ್ತಿನಲ್ಲಿ ಯಾರಿಂದಲೋ ಕಡ ತಂದ ದುರ್ಬೀನು. "ಹ್ವಾಯ್, ಎಂತ ಇಷ್ಟ್ ತಡ? ಹುಲಿ ನಿಮ್ಗೆ ಕಾಯ್ತಾ?" ಎಂದ. ಅಬ್ಬಿ ಇಳಿದು ಬೈರಾಸು ತೆಗೆದು, ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಯ ಮೆಟ್ಟಿಲ ಕೆಳಗೆ ನಿಂತಳು.

"ಮಗ್ಳನ್ ಕರೂಕೆ ಬಂದೆ" ಎಂದಳು. ಪ್ರವಾಸಕ್ಕೆ ಹೊರಡುವಾಗ ಇದೆಂಥ ಶಾಸ್ತ್ರ ಎಂದು ಭಾವ ನಕ್ಕ.

ಆಗ ಅಕ್ಕ ಹೊರಗೆ ಬಂದಳು. ಹಸಿರು ಸೀರೆಯಲ್ಲ. ಮದುವೆಯ ದಿನ ಉಟ್ಟಿದ್ದ ಧಾರೆ ಸೀರೆ. ಆ ಮನೆಯ ಹೊಸಿಲು ಮೆಟ್ಟಿದಾಗ ಮೈಮೇಲಿದ್ದ ಅದೇ ಕೆಂಪು. ಬೆಳಗಿನ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕೈಯಲ್ಲಿ ಒಂದು ಚೀಲ.

ಭಾವನ ನಗು ನಿಂತಿತು. "ಕಾಡಿಗ್ ಹೋಪುಕೆ ಕೆಂಪಾ? ಸಾವ್ರ ಸಲ ಹೇಳ್ಲಿಲ್ಯಾ? ನನ್ ಮಾನ ಕಳೂಕೆ ಹೊರ್ಟ್ಯಾ?" ಎನ್ನುತ್ತ ಮೆಟ್ಟಿಲು ಹತ್ತಿದ. ಅಕ್ಕ ಹಿಂದೆ ಸರಿಯಲಿಲ್ಲ. ಕೈ ಅಡ್ಡ ಹಿಡಿಯಲಿಲ್ಲ. ಅವನ ಕಣ್ಣನ್ನೇ ನೋಡುತ್ತಾ ನಿಂತಳು. ಅದನ್ನು ಅವನಿಗೆ ತಡೆಯಲಾಗಲಿಲ್ಲ. ತುರುಬು ಹಿಡಿದು ಅವಳ ಹಣೆಯನ್ನು ಜಗಲಿಯ ಕಂಬಕ್ಕೆ ಬಡಿದ. ಒಮ್ಮೆ, ಮತ್ತೊಮ್ಮೆ. ಪಕ್ಕದ ಮನೆಯ ಹೆಂಗಸು ಬಾವಿಕಟ್ಟೆಯಲ್ಲಿ ಕೊಡ ಹಿಡಿದು ನಿಂತು ನೋಡುತ್ತಿದ್ದಳು. ಅಕ್ಕನ ಹುಬ್ಬು ಒಡೆದು ರಕ್ತ ಸೀರೆಗೆ ಇಳಿಯಿತು, ಕೆಂಪಿನ ಮೇಲೆ ಅದು ಕಾಣಲೂ ಇಲ್ಲ.

ನಾನು ವ್ಯಾನಿನಿಂದ ಹಾರಿ ಓಡಿದೆ. ನನಗಿಂತ ಮೊದಲು ಅಬ್ಬಿ ತಲುಪಿದ್ದಳು. ಹರಿವಾಣವನ್ನು ಮೆಟ್ಟಿಲ ಮೇಲೆ ಜಾಗ್ರತೆಯಾಗಿ ಇಟ್ಟಳು, ಎಲೆ ಅಡಿಕೆ ಚೆಲ್ಲದ ಹಾಗೆ. ತೆಂಗಿನಕಾಯಿಯನ್ನು ಮಾತ್ರ ಎತ್ತಿಕೊಂಡಳು. ಎರಡೂ ಕೈಯಿಂದ ಎತ್ತಿ, ಅಕ್ಕನ ತುರುಬು ಹಿಡಿದು ಕಂಬಕ್ಕೆ ಒತ್ತಿದ್ದ ಆ ಕೈಯ ಮೇಲೆ ಕುಟ್ಟಿದಳು. ಬೆರಳಿನ ಮೂಳೆಯ ಸದ್ದು ನನಗೆ ಕೇಳಿತು. ಭಾವ ಕೂಗಿ ತುರುಬು ಬಿಟ್ಟ. ಅಬ್ಬಿ ಮತ್ತೆ ಎತ್ತಿ ಭುಜಕ್ಕೆ ಕುಟ್ಟಿದಳು, ಮತ್ತೆ ಎತ್ತಿದಳು. ಅವಳ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಒನಕೆ ಎತ್ತಿ ಹಾಕುವಾಗ ಬರುವ ಉಸಿರಷ್ಟೇ ಬರುತ್ತಿತ್ತು.

ಅವನು ಅಬ್ಬಿಯ ಹೊಟ್ಟೆಗೆ ಒದ್ದ. ಅವಳು ಮೆಟ್ಟಿಲ ಕೆಳಗೆ ಬಿದ್ದಳು. ಅಷ್ಟು ಹೊತ್ತಿಗೆ ನಾನು ಅವನ ಬೆನ್ನ ಮೇಲಿದ್ದೆ. ಕಾಲರನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ತಿರುಚಿದೆ. ಅವನ ಮುಖ ಬಣ್ಣ ಬದಲಾಯಿಸಿತು, ದುರ್ಬೀನು ಕಲ್ಲಿಗೆ ಬಡಿದು ಒಡೆಯಿತು, ಅವನು ಮೊಣಕಾಲೂರಿದ. ಕಾಲರು ಹರಿಯಲಿಲ್ಲ. ನಾನು ಹೊಲಿದದ್ದು ಹರಿಯುವುದಿಲ್ಲ ಎಂದೆನಲ್ಲ. ನಮ್ಮನೆಯವರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸದೇ ಇದ್ದಿದ್ದರೆ ಈ ಬರಹವನ್ನು ಜೈಲಿನಲ್ಲಿ ಕುಳಿತು ಬರೆಯುತ್ತಿದ್ದೆ. ಅದಕ್ಕಾಗಿ ನನಗೆ ನಾಚಿಕೆಯಿಲ್ಲ.

ಅಕ್ಕ ಚೀಲ ಎತ್ತಿಕೊಂಡು ಅಬ್ಬಿಯನ್ನು ಎಬ್ಬಿಸಿದಳು. ಅಬ್ಬಿ ಬಗ್ಗಿ, ಅಂಗಳಕ್ಕೆ ಉರುಳಿದ್ದ ಕಾಯಿ ಹೆಕ್ಕಿ, ಮೆಟ್ಟಿಲ ಮೇಲಿನ ಹರಿವಾಣದಲ್ಲಿ ಇಟ್ಟುಕೊಂಡಳು. ನಾಲ್ವರೂ ವ್ಯಾನು ಹತ್ತಿದೆವು. ಮುಂದಿನ ಸೀಟು ಖಾಲಿ ಇತ್ತು.

ವ್ಯಾನಿನಲ್ಲಿ ಹಸಿರು ಸೆರಗನ್ನು ಮುದ್ದೆ ಮಾಡಿ ಅಕ್ಕನ ಹುಬ್ಬಿಗೆ ಒತ್ತಿ ಹಿಡಿದವಳು ಅಬ್ಬಿ. ನಾನು ಅಕ್ಕನಿಗೆ ಬೈಯುತ್ತಿದ್ದೆ. ಒಂದು ದಿನ ಹಸಿರು ಉಟ್ಟಿದ್ದರೆ ಎಂತ ಆಗುತ್ತಿತ್ತು, ದಾರಿಯಲ್ಲಿ ಇಳಿಸಿ ಬರುತ್ತಿದ್ದೆವಲ್ಲ, ಸತ್ತು ಹೋಗಿದ್ದರೆ?

"ದಾರಿಯಂಗೆ ಇಳ್ಸಿದ್ರೆ ನಾನ್ ಓಡಿ ಬಂದಾಂಗೇ ಆತಿತ್ತ್. ಅಪ್ಪಯ್ಯ ಮತ್ತೆ ಕಳ್ಸ್ತಿದ್ರ್"‍ ಎಂದಳು ಅಕ್ಕ. "ಕರೂಕೆ ಬಂದವ್ರ ಎದ್ರಿಗೇ ಹೊಡಿಕಿತ್ತ್ ಅವ್ರ್. ಅಬ್ಬಿ ಕಾಣ್ಕಿತ್ತ್."

ಅಬ್ಬಿ ಹುಬ್ಬಿಗೆ ಒತ್ತಿದ ಸೆರಗು ತೆಗೆಯದೆ ಹೇಳಿದಳು, "ಅವತ್ತೂ ಕಂಡಿದ್ದೆ ಮಗಾ. ಕಂಡೂ ಅವ್ನಿಗ್ ಅನ್ನ ಬಡ್ಸ್ದೆ." ಅಷ್ಟು ಹೇಳಿ ಅಳತೊಡಗಿದಳು. ಅಬ್ಬಿ ಅತ್ತದ್ದನ್ನು ನಾನು ಮೊದಲು ನೋಡಿದ್ದು ಅಂದೇ.

ಹೈವೇ ಸಿಕ್ಕಿದಲ್ಲಿ ನಮ್ಮನೆಯವರು ವ್ಯಾನು ನಿಲ್ಲಿಸಿದರು. ನಾಗರಹೊಳೆಗೆ ತೆಂಕು, ಬಿಜೂರಿಗೆ ಬಡಗು. "ಯಾವ್ ಬದಿಗೆ?" ಎಂದು ಕನ್ನಡಿಯಲ್ಲಿ ಅಕ್ಕನನ್ನು ಕೇಳಿದರು. "ಮನಿಗೆ" ಎಂದಳು. ಸಫಾರಿಯ ಬುಕಿಂಗ್ ಹಾಗೇ ಹೋಯಿತು. ಕುಂದಾಪುರದಲ್ಲಿ ಡಾಕ್ಟರು ಹುಬ್ಬಿಗೆ ಹಾಕಿದ ಹೊಲಿಗೆ ನನಗೆ ಒಪ್ಪಿಗೆಯಾಗಲಿಲ್ಲ, ತೀರ ದೂರ ದೂರ ಹಾಕಿದ್ದರು. ಆದರೆ ಅದನ್ನು ಅವರು ಬರೆದುಕೊಟ್ಟರು, ಬೆನ್ನಿನದನ್ನೂ ಬರೆದುಕೊಟ್ಟರು, ಮುಂದೆ ಕೇಸಿಗೆ ಅದು ಬೇಕಾಯಿತು.

ಬಿಜೂರು ಮುಟ್ಟುವಾಗ ಅಪ್ಪಯ್ಯ ಗದ್ದೆಯಿಂದ ಬಂದು ಜಗಲಿಯಲ್ಲಿ ಕುಳಿತಿದ್ದರು, ಕಿತ್ತು ತಂದ ನೆಲಗಡಲೆ ಗಿಡಗಳ ರಾಶಿ ಬಾಗಿಲಿಗೆ ಅಡ್ಡವಾಗಿ ಬಿದ್ದಿತ್ತು. ಧಾರೆ ಸೀರೆ ಕಂಡು ಎದ್ದು ಮೆಟ್ಟಿಲಿಗೆ ಬಂದರು. ಪಟ್ಟಿ ಕಟ್ಟಿದ ಹಣೆಯನ್ನು ನೋಡಿದರು. ಆಮೇಲೆ, ಆ ಸಲದ ಹಾಗೆಯೇ, ಅವಳ ಹಿಂದೆ ನೋಡಿದರು. ಅಕ್ಕ ಚೀಲವನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಳು.

"ಯಾರ್ ಕರ್ಕಂಡ್ ಬಂದದ್ದ್?"

ಅಬ್ಬಿ ನಮ್ಮನ್ನೆಲ್ಲ ಸರಿಸಿ ಮುಂದೆ ಬಂದಳು. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈಯಲ್ಲಿ ಹರಿವಾಣ. ಅಳಿಯನ ಮನೆಯಲ್ಲಿ ಬಿಟ್ಟು ಬರಬೇಕಾದ ಕಾಯಿ ಅದರಲ್ಲೇ ಇತ್ತು, ಒಡೆದಿರಲಿಲ್ಲ, ಜುಟ್ಟಿಗೆ ರಕ್ತ ಹತ್ತಿತ್ತು. ಹರಿವಾಣವನ್ನು ಹಾಗೇ ಅವಳು ಗಂಡನ ಕೈಗೆ ಕೊಟ್ಟಳು.

"ನಾನ್" ಎಂದಳು.

ಅಪ್ಪಯ್ಯ ಆ ಕಾಯಿಯನ್ನು ನೋಡಿದರು. ಹರಿವಾಣವನ್ನು ಜಗಲಿಯ ಮೇಲೆ ಇಟ್ಟರು. ಆಮೇಲೆ ಬಗ್ಗಿ, ಬಾಗಿಲಿಗೆ ಅಡ್ಡವಾಗಿದ್ದ ನೆಲಗಡಲೆ ಗಿಡಗಳನ್ನು ಹಿಡಿ ಹಿಡಿಯಾಗಿ ಎತ್ತಿ ಬದಿಗೆ ಹಾಕತೊಡಗಿದರು.